ಯಾರೋ ದಾಟಿದ ಗಿಡ

ಮೊನ್ನೆ ಹಳೆಯ ಅಂಗಿಯ ಕಿಸೆಯಲ್ಲಿ ಒಂದು ತಾಮ್ರದ ತಂತಿ ಸಿಕ್ಕಿತು. ಬೆರಳುದ್ದದ್ದು, ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡದ್ದು. ಮೋಟರ್ ರಿಪೇರಿ ಮಾಡುವವನ ಕಿಸೆಯಲ್ಲಿ ತಂತಿ ಸಿಗದೆ ಮಲ್ಲಿಗೆ ಮೊಗ್ಗು ಸಿಗುತ್ತದೆಯೇ ಎಂದು ನೀವು ಕೇಳಬಹುದು. ಖರೆ ಮಾತು. ಸುಟ್ಟ ಮೋಟರಿನ ಹಳೆ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದೇ ನನ್ನ ಕಸುಬು. ಆಳಂದ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ. ಭೂಸನೂರ ಕಡೆಯ ಕಬ್ಬಿನವರು, ಮಟಕಿಯ ಬಾವಿಯವರು ಬಂಡಿಯಲ್ಲಿ ಮೋಟರ್ ಹೇರಿಕೊಂಡು ಬಂದು, ಜಲ್ದಿ ಮಾಡಿಕೊಡು ಎಂದು ನನ್ನ ತಲೆಯ ಮೇಲೆ ಕೂಡುತ್ತಾರೆ. ನನ್ನ ಕಿಸೆಯಲ್ಲಿ, ಹಾಸಿಗೆಯಲ್ಲಿ, ಒಮ್ಮೊಮ್ಮೆ ಬ್ಯಾಳಿ ಸಾರಿನಲ್ಲೂ ತಂತಿ ಸಿಗುತ್ತದೆ. ಆದರೆ ಈ ತುಂಡಿಗೆ ಒಂದು ಕಡೆ ತೊಗಟೆಯ ಚೂರು ಅಂಟಿತ್ತು. ಹುಣಸೆಯ ತೊಗಟೆ. ಮೋಟರಿನೊಳಗೆ ಹುಣಸೆ ಗಿಡ ಬೆಳೆಯುವುದಿಲ್ಲ.

ತಂತಿ ನೋಡಿದ್ದೇ ತಡ, ನನ್ನ ಹಳೆಯ ಗುಮಾನಿ ಎದ್ದು ಕೂತಿತು.

ಗುಮಾನಿ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಮಾತಿಗೆ ಜರಿ ಅಂಚು ಹಚ್ಚುವುದು ನನಗೆ ಬರುವುದಿಲ್ಲ, ಹಚ್ಚುವವರನ್ನು ಕಂಡರೆ ಆಗುವುದೂ ಇಲ್ಲ. ವಿಷಯ ಇಷ್ಟೇ: ನನ್ನ ಹೆಂಡತಿ ಮಹಾನಂದಾ ನನ್ನನ್ನು ಯಾಕೆ ಒಪ್ಪಿಕೊಂಡಳು? ಆಕೆ ನನಗಿಂತ ನಾಲ್ಕು ಬೆರಳು ಎತ್ತರ. ನೋಡಲು ಚೆಂದ. ಏಳನೇ ಇಯತ್ತೆ ಪಾಸು. ನಾನು ಗಿಡ್ಡ. ಸುಮ್ಮನೆ ಗಿಡ್ಡ ಅಲ್ಲ, ಊರಿಗೆ ಗೊತ್ತಿರುವ ಗಿಡ್ಡ. ಅವ್ವ ಇಟ್ಟ ಹೆಸರು ಶರಣಪ್ಪ. ಬಸ್‌ಸ್ಟ್ಯಾಂಡಿನಲ್ಲಿ ಶರಣಪ್ಪನ ಅಂಗಡಿ ಯಾವುದು ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ಗಿಡ್ಡ್ಯಾನ ಅಂಗಡಿ ಎಂದರೆ ಕೈಹಿಡಿದು ಕರೆತರುತ್ತಾರೆ.

ನನ್ನ ಎತ್ತರದ ಬಗ್ಗೆ ಅವ್ವನದು ಒಂದೇ ವಿವರಣೆ. ಯಾರೋ ನನ್ನನ್ನು ದಾಟಿದ್ದಾರೆ. ಮಲಗಿದ ಕೂಸನ್ನು ದಾಟಬಾರದು, ದಾಟಿದರೆ ಬೆಳೆಯುವುದಿಲ್ಲ. ಮರೆತು ದಾಟಿದರೆ ಬಂದ ದಾರಿಯಲ್ಲೇ ವಾಪಸ್ ದಾಟಬೇಕು, ಆಗ ದೋಷ ಹೋಗುತ್ತದೆ. ಇದು ನಿಮಗೂ ಗೊತ್ತಿರುವುದೇ. ನನ್ನನ್ನು ದಾಟಿದವರು ಯಾರು ಎಂಬುದೂ ಅವ್ವನಿಗೆ ಪಕ್ಕಾ ಗೊತ್ತು. ಕಿಣ್ಣಿ ಸುಲ್ತಾನ ಊರಿನ ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ. ಯಾರದೋ ಮದುವೆಗೆಂದು ಬಂದಾಗ, ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿದ್ದ ಹುಡುಗರಲ್ಲಿ ನನ್ನೊಬ್ಬನನ್ನೇ ಆರಿಸಿ, ಕೈಯಲ್ಲಿ ಕೊಡ ಹಿಡಿದು ದಾಟಿ, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮುಂಬಾಗಿಲಿನಿಂದ ಒಳಗೆ ಬಂದಳಂತೆ. ಲೆಕ್ಕ ಮುಗಿಯಲಿಲ್ಲ. ನಾನು ಅಲ್ಲಿಗೇ ನಿಂತೆ.

ಅತ್ತಿ ಬಂದಾಗಲೆಲ್ಲ ಇದೇ ಜಗಳ. ನನಗೆ ಮೀಸೆ ಬಂದ ಮೇಲೂ ಅವ್ವ ನನ್ನನ್ನು ಪಡಸಾಲೆಯಲ್ಲಿ ಅಂಗಾತ ಮಲಗಿಸಿ ಅತ್ತಿಯನ್ನು ಕರೆಯುತ್ತಿದ್ದಳು.

"ಬಾರ ಯವ್ವಾ, ಒಂದ್ಸಲ ವಾಪಸ್ ದಾಟಿಬಿಡು. ನಿನಗೇನು ಖರ್ಚದ?"

"ದಾಟಿದ್ರ ತಾನೇ ವಾಪಸ್ ದಾಟೋದು ವೈನಿ? ನಾ ದಾಟೇ ಇಲ್ಲ. ಈಗ ದಾಟಿದ್ರ ಊರೆಲ್ಲಾ ನಾನೇ ಕಡ್ಡಿ ಆಡಸೀನಿ ಅಂತದ."

"ಹಂಗಾದ್ರ ಅವ ಯಾಕ ಬೆಳೀಲಿಲ್ಲ ಹೇಳು?"

"ನಿಮ್ಮಪ್ಪ ಎಷ್ಟ್ ಎತ್ತರ ಇದ್ದಾ? ಕುದುರಿ ಹತ್ಲಿಕ್ಕೆ ಕಟ್ಟಿ ಬೇಕಿತ್ತು!"

ನಾನು ಕೆಳಗೆ ಮಲಗಿಕೊಂಡೇ ಎರಡೂ ಕಡೆಯ ಮಾತು ಕೇಳುತ್ತಿದ್ದೆ. ಅತ್ತಿ ಕೊನೆಗೂ ದಾಟಲಿಲ್ಲ. ಆಕೆ ಹಾಗೆ ಹಟ ಹಿಡಿದದ್ದಕ್ಕೇ ನನಗೂ ಆಕೆಯ ಮೇಲೆ ಸಂಶಯ ಬಂತು. ದಾಟದವಳಾಗಿದ್ದರೆ ಅವ್ವನ ಸಮಾಧಾನಕ್ಕಾದರೂ ಒಮ್ಮೆ ಕಾಲೆತ್ತುತ್ತಿರಲಿಲ್ಲವೇ?

ಹೀಗಿರುವ ನನಗೆ ಹೆಣ್ಣು ಹುಡುಕುವುದೆಂದರೆ ಸುಲಭವಲ್ಲ. ನಮ್ಮ ಅಂಬಾರಾಯ ಕಾಕಾ ಆ ಕೆಲಸ ಹಿಡಿದಿದ್ದ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿಯ ಅವನೇ. ಬಾಯಿ ತುಂಬ ಎಲೆ ಅಡಿಕೆ, ಮಾತಿನ ತುಂಬ ಬೆಲ್ಲ. ಜೇವರ್ಗಿಗೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ಅಜ್ಜಿಗೆ ಕಣ್ಣು ಮಂಜು. ನಮ್ಮನ್ನು ಬಾಗಿಲಲ್ಲಿ ಎದುರುಗೊಂಡ ಮುದುಕಿ, "ಹುಡುಗನ್ನ ಯಾಕ ಕುಂದ್ರಿಸೀರಿ? ಎಬ್ಬಸ್ರಿ, ನಿಂತಿದ್ದು ನೋಡಮು" ಅಂದಳು.

"ನಿಂತೇ ಅದಾನ್ರಿ ಆಯಿ" ಅಂದ ಕಾಕಾ.

ಆ ಮನೆಯಲ್ಲಿ ನಮಗೆ ಚುರುಮುರಿ ಸೂಸಲ ಸಿಕ್ಕಿತು, ಚಹಾ ಸಿಕ್ಕಿತು, ಹೆಣ್ಣು ಸಿಗಲಿಲ್ಲ. ಆಮೇಲೂ ಒಂದೆರಡು ಕಡೆ ಹೋಗಿ ಬಂದೆವು. ಎಲ್ಲ ಕಡೆಯೂ ಉತ್ತರ ಒಂದೇ, ಜೋಡಿ ಆಗುವುದಿಲ್ಲ. ಆ ಮೇಲೆ ಅಫಜಲಪುರದ ಸುದ್ದಿ ಬಂತು. ಚಂದ್ರಾಮಪ್ಪ ಎಂಬ ಟೇಲರನ ಮಗಳು. ನನಗೆ ಹೋಗಲು ಮನಸ್ಸಿರಲಿಲ್ಲ. ಕಾಕಾ ಬಿಡಲಿಲ್ಲ, ಅವ್ವನೂ ಜೊತೆಗೆ ಹೊರಟಳು. ಗುಲ್ಬರ್ಗದಲ್ಲಿ ಬಸ್ಸು ಬದಲಿಸಿ, ಉರಿಬಿಸಿಲಲ್ಲಿ ಹೋಗಿ ಇಳಿದೆವು.

ಟೇಲರನ ಮನೆಯ ಅಂಗಳಕ್ಕೆ ಕಾಲಿಟ್ಟಿದ್ದೇವೆ, ಇನ್ನೂ ಯಾರೂ ಹೊರಗೆ ಬಂದಿಲ್ಲ. ಒಳಗಿನಿಂದ ಒಂದು ಹೆಣ್ಣು ದನಿ ಕೇಳಿತು:

"ಯವ್ವಾ, ಗಿಡ್ಡ್ಯಾನ ಒಳಗ ಕರ್ಕೊಂಡ್ ಬಾ. ಪಾಪ, ಬಿಸಲಾಗ ಒಣಗಾಕತ್ತಾನ!"

ನಾನು ಅಲ್ಲೇ ನಿಂತೆ. ಆಳಂದದ ಹೆಸರು ನನಗಿಂತ ಮೊದಲೇ ಬಸ್ಸು ಹತ್ತಿ ಅಫಜಲಪುರಕ್ಕೆ ಬಂದು ಕೂತಿದೆಯಲ್ಲ! ಹೆಣ್ಣು ಕೊಡದಿದ್ದರೆ ಬಿಡಲಿ, ಮನೆಗೆ ಕರೆದು ಬೈಯುವುದು ಯಾವ ರೀತಿ? ನಾನು ತಿರುಗಿ ನಡೆದೆ. ಕಾಕಾ ನನ್ನ ಅಂಗಿಯ ಹಿಂದಿನ ಚುಂಗು ಹಿಡಿದು ಜಗ್ಗಿದ.

"ಎಲ್ಲಿ ಹೊಂಟೀಲೇ?"

"ಕೇಳ್ಸಲಿಲ್ಲೇನು? ನನ್ನ ಗಿಡ್ಡ್ಯಾ ಅಂದ್ರು."

"ನಿನಗ್ಯಾಕ ಅಂತಾರ? ಮನಿಯಾಗ ಯಾವದರೆ ಕೂಸು ಇರಬೇಕು."

"ಬಿಸಲಾಗ ನಿಂತಾವ ಇಲ್ಲಿ ನಾನೊಬ್ನೇ ಅದೀನಿ ಕಾಕಾ!"

ನಾನೊಬ್ಬನೇ ಇರಲಿಲ್ಲ. ಅಂಗಳದ ಮೂಲೆಯಲ್ಲಿ, ತೂತು ಬಿದ್ದ ಒಂದು ಅಗಲ ಬಾಯಿಯ ಹಿತ್ತಾಳೆ ಪರಾತದಲ್ಲಿ ಇನ್ನೊಬ್ಬ ನಿಂತಿದ್ದ. ಹುಡುಗಿಯ ತಾಯಿ ಓಡಿ ಬಂದು ಆ ಪರಾತವನ್ನು ಎರಡೂ ಕೈಯಿಂದ ಎತ್ತಿಕೊಂಡಾಗ ಗಿಡ್ಡ್ಯಾ ಯಾರೆಂದು ನನಗೆ ತಿಳಿಯಿತು. ಅದೊಂದು ಹುಣಸೆ ಗಿಡ. ಒಂದು ಮೊಳ ಎತ್ತರ. ಆದರೆ ಸಸಿ ಅಲ್ಲ. ಬುಡ ದಪ್ಪ, ತೊಗಟೆ ಒಡೆದು ಮುದುಕನ ಹಿಮ್ಮಡಿಯಂತೆ ಆಗಿದೆ, ಟೊಂಗೆ ಬಾಗಿದೆ, ಸಣ್ಣ ಸಣ್ಣ ಎಲೆ. ಊರ ಹೊರಗಿನ ಹಳೆ ಹುಣಸೆ ಗಿಡವನ್ನು ದೂರದಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆಯೇ ಇತ್ತು. ದೂರ ಮಾತ್ರ ಇರಲಿಲ್ಲ.

ಅವ್ವ ಅದನ್ನು ನೋಡಿದವಳೇ ನನ್ನ ಕಿವಿಯಲ್ಲಿ, "ಯಾರೋ ದಾಟ್ಯಾರ ಇದನ್ನ" ಅಂದಳು.

ಚಾಪೆಯ ಮೇಲೆ ಕೂತೆವು. ಪರಾತ ನಮ್ಮ ಎದುರಿಗೇ ಬಂದು ಕೂತಿತು, ತಾನೇ ಮದುವೆಯ ಗಂಡು ಎನ್ನುವ ಹಾಗೆ. ಚಂದ್ರಾಮಪ್ಪ ನಾಚಿಕೊಂಡು ಹೇಳಿದರು: "ನಮ್ಮ ಹುಡುಗೀದು ಒಂದು ಹುಚ್ಚ್ರಿ. ಬೀಜ ಹಾಕಿ ಬೆಳಸ್ಯಾಳ. ಇದರ ಮ್ಯಾಗ ಭಾಳ ಜೀವ. ಬಾಜೂ ಮನಿಯಾಗ ಬ್ಯಾಂಕಿನ ಸಾಹೇಬ್ರು ಬಾಡಿಗಿ ಇದ್ರು, ಮೈಸೂರ ಕಡೇವ್ರು. ಅವರ ಹೆಂಡ್ತಿ ಕಲಿಸಿ ಹೋದ್ರು. ಅದಕ್ಕ ಏನೋ ಅಂತಾರ್ರಿ... ಬೋನ್ಸಾಯಿ."

"ಏನಂದ್ರಿ?" ಅಂದಳು ಅವ್ವ.

"ಬೋನ್ಸಾಯಿ."

ಅವ್ವ ನನ್ನ ಕಡೆ ತಿರುಗಿದಳು. "ಬೋನಿನಾಗ ಹಾಕಿ ಸಾಯಿ ಅಂತಾರೇನು? ಇಂಥಾ ಹೆಸರು ಮನಿಯಾಗ ಯಾರ್ ಇಡ್ತಾರ?"

ಹುಡುಗಿಯ ತಾಯಿ ಮಾತು ತಿರುಗಿಸಲು ನೋಡಿದಳು. ಮೈಸೂರಿನ ಆ ಬಾಯಿ, ಸಾಹೇಬರ ಹೆಂಡತಿ, ಮೊದಲ ದಿನ ಬಂದು, ನಿಮ್ಮ ಮನೆಯಲ್ಲಿ ಒಂದು ಪುಟ್ಟ ಮರ ಮಾಡೋಣ ಎಂದಳಂತೆ. ನಮ್ಮ ಕಡೆ ಮರ ಅಂದರೆ ಜೋಳ ಕೇರುವ ಮರ, ಆ ಕಡೆಯವರು ಮೊರ ಅನ್ನುವುದು. ನೆಲದಿಂದ ಹುಟ್ಟಿದ್ದು ಮುಗಿಲು ಮುಟ್ಟಿದರೂ ಗಿಡವೇ, ಮೊಣಕಾಲು ಮುಟ್ಟದಿದ್ದರೂ ಗಿಡವೇ. ಹೊಸದಾಗಿ ಬಂದವರು, ಕಾಳು ಕೇರಲು ಕೇಳುತ್ತಿದ್ದಾರೆ ಎಂದು ಈಕೆ ಇದ್ದದ್ದರಲ್ಲಿ ಸಣ್ಣ ಮರ ತಂದು ಕೈಗೆ ಕೊಟ್ಟಳು. ಆ ಬಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಮಣ್ಣು ನಿಲ್ಲೋದಿಲ್ಲವಲ್ಲ ಅಂದಳು. "ಮರದಾಗ ಮಣ್ಣ ಯಾಕ ಹಾಕ್ತಾಳ ಈ ಮಾರಾಯ್ತಿ ಅಂತ ನಾ ಗಾಬರಿ ಆದೆರಿ!" ಎಂದು ಹುಡುಗಿಯ ತಾಯಿ ನಕ್ಕಳು. ಅವ್ವ ನಗಲಿಲ್ಲ.

ಕಾಕಾ ಬಗ್ಗಿ ಗಿಡದೊಳಗೆ ಇಣುಕಿದ. "ಹುಣಸಿ ಗಿಡದಾಗ ದೆವ್ವ ಇರ್ತಾವ ಅಂತಾರಲ್ಲ. ಇದರಾಗ ಇದ್ರ ಎಷ್ಟ್ ಇರಬೇಕು, ಇರುವಿ ಅಷ್ಟ?"

ನಾನು ಅಷ್ಟು ಹೊತ್ತೂ ಬೇರೇನನ್ನೋ ನೋಡುತ್ತಿದ್ದೆ. ಬಾಗಿದ ಟೊಂಗೆಗೆ ಒಂದು ತಂತಿ ಸುತ್ತಿದ್ದರು. ಕಬ್ಬಿಣದ ತಂತಿ. ಅದೂ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ, ಸುತ್ತಿನ ಮೇಲೆ ಸುತ್ತು. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಸುತ್ತಿದ್ದರೆ ಕೈಯ ಮೇಲೆ ಹೊಡೆಯುತ್ತಿದ್ದೆ. ಹೆಣ್ಣು ನೋಡಲು ಬಂದಿದ್ದೇನೆ ಎಂಬುದು ಮರೆತುಹೋಯಿತು.

"ಯಾವ ಹುಚ್ಚ ಸುತ್ಯಾನ್ರಿ ಈ ತಂತಿ? ತೊಗಟಿ ಕೊಯ್ಯಾಕತ್ತದ. ಬಿಚ್ಚಿ ಒಗೀರಿ ಇದನ್ನ. ಸುಟ್ಟ ಮೋಟರಿನ ತಾಮ್ರ ಹಾಕ್ರಿ, ಮೆತ್ತಗಿರ್ತದ."

ಕಾಕಾ ನನ್ನ ತೊಡೆ ಚಿವುಟಿದ. ಬಾಗಿಲ ಹಿಂದಿನಿಂದ ಅದೇ ದನಿ ಬಂತು.

"ಹುಚ್ಚ ಅಲ್ರಿ, ಹುಚ್ಚಿ. ನಾನೇ ಸುತ್ತೀನಿ."

ಮಹಾನಂದಾ ಚಹಾದ ತಾಟು ಹಿಡಿದು ಹೊರಗೆ ಬಂದಳು. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ ಎಂದು ನನಗೆ ಅನ್ನಿಸಿತು, ನಾನು ಕೂತಿದ್ದೆನಲ್ಲ. ಎಲ್ಲರಿಗೂ ಚಹಾ ಕೊಟ್ಟು ನನ್ನ ಮುಂದೆ ಬಂದಾಗ, ನಮ್ಮ ಕಡೆಯ ಯಾವ ಹುಡುಗಿಯೂ ಅಂಥ ಹೊತ್ತಲ್ಲಿ ಬಾಯಿ ಬಿಡುವುದಿಲ್ಲ, ಆಕೆ ಕೇಳಿದಳು: "ತಾಮ್ರದ ತಂತಿ ನಿಮ್ಮ ಅಂಗಡಿಯಾಗ ಸಿಗ್ತದೇನ್ರಿ?"

"ಹೊರೆಗಟ್ಟಲೆ ಬಿದ್ದದ" ಅಂದೆ.

ನಾವು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಚಂದ್ರಾಮಪ್ಪ ಸೈಕಲ್ಲಿನಲ್ಲಿ ಬೆನ್ನುಹತ್ತಿ ಬಂದರು. ಹುಡುಗಿ ಒಪ್ಪಿದ್ದಾಳೆ ಅಂದರು.

ಈಗ ನೀವೇ ಹೇಳಿ, ಸಂಶಯ ಬರಬೇಕೋ ಬೇಡವೋ? ಬೇರೆಯವರು ವಾರಗಟ್ಟಲೆ ತಿಣುಕಿ, ನಯವಾಗಿ ಬೇಡ ಎಂದ ಗಂಡಿಗೆ ಈಕೆ ಚಹಾ ಲೋಟ ತೊಳೆಯುವ ಮೊದಲೇ ಹೂಂ ಅಂದಿದ್ದಾಳೆ. ಕಾಕಾ ಬಸ್ಸಿನ ತುಂಬ ಕುಣಿದ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹುಡುಗಿಯಲ್ಲಿ ಏನೋ ಐಬು ಇರಬೇಕು. ಇಲ್ಲವೇ ನನ್ನಲ್ಲಿ ಆಕೆಗೆ ಬೇಕಾದದ್ದು ಏನೋ ಕಂಡಿರಬೇಕು. ನನ್ನಲ್ಲಿ ಬೇಕಾದದ್ದು ಏನಿದೆ ಎಂದು ಯೋಚಿಸಿದೆ. ಎರಡೇ ಸಿಕ್ಕವು. ಒಂದು ತಾಮ್ರದ ತಂತಿ. ಇನ್ನೊಂದು ನನ್ನ ಎತ್ತರ. ಗಿಡ್ಡದ್ದನ್ನು ಸಾಕುವ ಚಟ ಇರುವವಳಿಗೆ ಪರಾತದಲ್ಲಿ ಒಂದು ಇದೆ, ಮನೆಯಲ್ಲಿ ಇನ್ನೊಂದು ಇರಲಿ ಅನ್ನಿಸಿರಬಹುದು.

ಅವ್ವನ ಸಂಶಯ ಬೇರೆ ದಾರಿ ಹಿಡಿದಿತ್ತು. "ಬೆಳೆಯೋದನ್ನ ತಡಿಯೋ ಕೈ ಅದು. ನಾಳೆ ಮೊಮ್ಮಕ್ಕಳು ಗೇಣುದ್ದ ಹುಟ್ಟಿದ್ರ?" ಎಂದು ಗೊಣಗಿದಳು. ಆದರೆ ಬೇಡ ಎನ್ನುವ ಧೈರ್ಯ ಆಕೆಗೂ ಇರಲಿಲ್ಲ. ಬೇರೆ ಹೆಣ್ಣು ಎಲ್ಲಿತ್ತು?

ನಾನು ಒಬ್ಬನೇ ಒಂದು ದಿನ ಅಫಜಲಪುರಕ್ಕೆ ಹೋದೆ. ಟೇಲರನ ಮನೆಯ ಎದುರಿನ ಚಹಾ ಹೋಟೆಲಿನಲ್ಲಿ ತಲೆಗೆ ಟವೆಲ್ ಸುತ್ತಿ ಕೂತೆ. ಕಾಲು ಕುಂಟೋ, ಕಣ್ಣು ವಾರೆಯೋ, ಯಾರ ಜೊತೆಗಾದರೂ ನಗುತ್ತಾಳೋ, ಎಲ್ಲ ನೋಡಬೇಕಿತ್ತು. ಆಕೆ ಪರಾತ ಹೊರಗೆ ತಂದಳು. ಬಿಸಿಲಿಗೆ ಇಟ್ಟಳು. ಕುಕ್ಕರುಗಾಲಿನಲ್ಲಿ ಕೂತು ಅದರ ಹಳದಿ ಎಲೆ ಒಂದೊಂದಾಗಿ ಆರಿಸಿದಳು. ಕಬ್ಬಿಣದ ತಂತಿ ಬಿಚ್ಚಿ ಹಾಕಿದ್ದಳು. ಬಿಸಿಲು ಸರಿದಾಗ ಪರಾತ ಸರಿಸಿದಳು. ಅಷ್ಟೇ. ಹೋಟೆಲಿನವನು, "ಯಾರ ಕಡೇವ್ರು? ಮುಂಜಾನಿಂದ ಕುಂತೀರಿ" ಎಂದು ನನ್ನ ಮೇಲೇ ಸಂಶಯಪಟ್ಟ. ಏನೂ ಐಬು ಸಿಗಲಿಲ್ಲ. ಏನೂ ಸಿಗದಿದ್ದರೆ ಚೆನ್ನಾಗಿ ಮುಚ್ಚಿಟ್ಟಿದ್ದಾರೆ ಎಂದೇ ಅಲ್ಲವೇ ಅರ್ಥ?

ಹೀಗೆ ಸಂಶಯಪಡುತ್ತಲೇ ಮದುವೆಯಾದೆ. ಸೊಸೆಯ ಜೊತೆ ಟ್ರಂಕು ಬಂತು, ಹೊಲಿಗೆ ಮಷೀನು ಬಂತು, ಪರಾತವೂ ಬಂತು. ಟ್ರಂಕನ್ನು ಬಸ್ಸಿನ ಮೇಲೆ ಹಾಕಿದರು. ಪರಾತ ಮಾತ್ರ ಆಕೆಯ ತೊಡೆಯ ಮೇಲೆ. ಕಂಡಕ್ಟರ್ ಬಗ್ಗಿ ನೋಡಿ, "ಇದಕ್ಕ ಹಾಫ್ ಟಿಕೀಟ್ ಹರೀಬೇಕಾಗ್ತದ" ಅಂದ. ಆಮೇಲೆ ನನ್ನ ಕಡೆ ನೋಡಿದ. ಮುಂದೆ ಏನೋ ಅನ್ನುವವನಿದ್ದ, ನನ್ನ ಮುಖ ನೋಡಿ ಬಿಟ್ಟ.

ಒಂದು ಮಾತು ಹೇಳಲೇಬೇಕು. ಹೆಣ್ಣು ನೋಡಿದ ದಿನವೇ ನನ್ನ ಅಡ್ಡಹೆಸರು ಆಕೆಗೆ ಗೊತ್ತಾಗಿತ್ತು. ಅಂಗಳದಲ್ಲಿ ನಾನೂ ಕಾಕಾನೂ ಗುದ್ದಾಡಿದ್ದನ್ನು ಒಳಗಿನಿಂದ ಕೇಳಿದ್ದಳು. ನಮ್ಮ ಮನೆಗೆ ಬಂದ ಮೇಲೆ ಆಕೆ ಗಿಡವನ್ನು ಒಮ್ಮೆಯೂ ಗಿಡ್ಡ್ಯಾ ಎನ್ನಲಿಲ್ಲ. "ಅದಕ್ಕ ನೀರ ಹಾಕ್ತೇನಿ", "ಅದನ್ನ ಒಳಗ ಇಡ್ತೇನಿ" ಅನ್ನುವಳು. ಹೆಸರು ನಾಲಿಗೆ ತುದಿಗೆ ಬಂದು, ನುಂಗಿ, ಅದು ಎನ್ನುವುದನ್ನು ನಾನು ನೋಡುತ್ತಿದ್ದೆ. ನನ್ನ ಮುಂದೆ ಹೀಗೆ ನುಂಗುವವಳು ಹಿಂದೆ ಯಾರನ್ನು ಏನೆನ್ನುತ್ತಾಳೋ?

ಆದರೂ ಸಂಜೆ ಅಂಗಡಿಯಿಂದ ಬಂದಾಗ ಆಕೆ ಗಿಡದ ಕತೆ ಹೇಳಿದರೆ ಕೇಳಲು ಬೇಸರ ಆಗುತ್ತಿರಲಿಲ್ಲ. ಹಣ್ಣಿನ ಹುಣಸೆ ಬಿಡಿಸುವಾಗ ಒಂದು ಬೊಗಸೆ ಬೀಜ ತೆಗೆದಿಟ್ಟಳಂತೆ. ಬೀಜದ ಸಿಪ್ಪೆ ಗಟ್ಟಿ. ಅದಕ್ಕೆಂದೇ ಕಲ್ಲಿಗೆ ತಿಕ್ಕಿ, ಬಣ್ಣ ತಿಳಿಯಾದ ಮೇಲೆ ನೀರಲ್ಲಿ ನೆನೆಯಿಟ್ಟು ಹಾಕಿದ್ದಳು.

ಕಲ್ಲಿಗೆ ತಿಕ್ಕುವುದು ಎಂದಕೂಡಲೇ ನನಗೆ ನಗು ಬಂತು. ಹುಣಸೆ ಬೀಜ ತಿಕ್ಕುವುದನ್ನು ನನಗೆ ಯಾರು ಕಲಿಸಬೇಕು? ಶಾಲೆಯಲ್ಲಿ ನಾನು ಕಲಿತ ವಿದ್ಯೆ ಅದೊಂದೇ. ಫರ್ಶಿ ಕಲ್ಲಿನ ನೆಲಕ್ಕೆ ಬೀಜ ಗರಗರ ತಿಕ್ಕಿ, ಕಾದದ್ದನ್ನು ಮುಂದೆ ಕೂತವನ ತೊಡೆಗೆ ಒತ್ತಿದರೆ ಅವನು ಮಾಸ್ತರರ ಮೇಜಿನವರೆಗೆ ಹಾರುತ್ತಿದ್ದ. ಆದರೆ ನಾನು ಗಿಡ್ಡ ಎಂದು ಮಾಸ್ತರರು ನನ್ನನ್ನೇ ಮೊದಲ ಸಾಲಿಗೆ ಹಾಕಿದ್ದರು, ನನ್ನ ಮುಂದೆ ಯಾರೂ ಇರಲಿಲ್ಲ. ಹಿಂದೆ ಇಡೀ ವರ್ಗ ಬೀಜ ತಿಕ್ಕುತ್ತಿತ್ತು. ನಾನು ಶಾಲೆ ಬಿಟ್ಟದ್ದು ಯಾಕೆ ಎಂದು ಈಗ ನಿಮಗೆ ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ಅವ್ವ ಬೀಜ ಸೀಳಿ ಚೌಕಾಬಾರಕ್ಕೆ ಕವಡೆ ಮಾಡುತ್ತಿದ್ದಳು. ಉಳಿದದ್ದನ್ನು ಹುರಿದು ಕೊಟ್ಟರೆ ದವಡೆ ನೋಯುವವರೆಗೆ ಕಡಿಯುತ್ತಿದ್ದೆವು. ಬೀಜದಿಂದ ಗಿಡ ಆಗುತ್ತದೆ ಎಂಬ ವಿಚಾರ ನಮಗೆ ಯಾರಿಗೂ ಬರಲಿಲ್ಲ.

ಆಕೆಯ ಬೊಗಸೆ ಬೀಜದಲ್ಲಿ ಕೆಲವು ಕೊಳೆತವು. ಕೆಲವು ಬೀಜವನ್ನೇ ತಲೆಯ ಮೇಲೆ ಟೊಪ್ಪಿಗೆಯಂತೆ ಹೊತ್ತುಕೊಂಡು ಎದ್ದವು. ಅವುಗಳನ್ನು ಆಡು ತಿಂದಿತು. ಉಳಿದದ್ದು ಇದೊಂದು. ಆಡಿಗೆ ಕಾಣದಷ್ಟು ಸಣ್ಣದಾಗಿತ್ತು, ಅದಕ್ಕೇ ಉಳಿಯಿತು ಎಂದಳು. ಹೇಳುವಾಗ ನನ್ನ ಕಡೆ ನೋಡಿದಳೋ ಇಲ್ಲವೋ, ಕತ್ತಲಾಗಿತ್ತು, ತಿಳಿಯಲಿಲ್ಲ.

ನಾನು ಮೆತ್ತಗಿನ ತಾಮ್ರ ತಂದು ಕೊಟ್ಟೆ. ಹೇಗೆ ಸುತ್ತಬೇಕೆಂದೂ ತೋರಿಸಿದೆ, ಸುತ್ತಿಗೂ ಸುತ್ತಿಗೂ ನಡುವೆ ಒಂದೇ ಅಂತರ. ಮಳೆಗಾಲ ಮುಗಿದ ಮೇಲೆ ಆಕೆ ಗಿಡವನ್ನು ಪರಾತದಿಂದ ಎಬ್ಬಿಸಿ, ಬೇರು ತೊಳೆದು, ಕತ್ತರಿಯಿಂದ ಕತ್ತರಿಸತೊಡಗಿದಳು. ಅವ್ವ ಅದನ್ನು ನೋಡಿ ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬಂದಳು.

"ಯವ್ವಾ ಯವ್ವಾ, ಬೇರ ಕತ್ತರಸ್ತಾರೇನ ಹುಡುಗಿ? ನಮ್ಮನಿಯಾಗ ಇದು ಬ್ಯಾಡ."

"ಉಗುರ ತಕ್ಕೋತೀರಲ್ಲ ಅತ್ತಿ, ಹಂಗೇರಿ ಇದು."

"ಉಗುರ ತಕ್ಕೊಂಡ್ರ ಯಾರೂ ಗಿಡ್ಡ ಆಗಂಗಿಲ್ಲ!"

ಅಲ್ಲಿಗೆ ಅವ್ವ ರೊಟ್ಟಿಗೆ ಹೋದಳು, ಮಹಾನಂದಾ ಬೇರಿಗೆ ಬಗ್ಗಿದಳು, ನಾನು ಚಪ್ಪಲಿ ಹುಡುಕಿದೆ. ಆ ಶಬ್ದ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೆ ಒಂದೊಂದು ಕೆಲಸ ನೆನಪಾಗುತ್ತಿತ್ತು.

ಮರುದಿನ ಬೆಳಗಿನಲ್ಲಿ ನಾನು ಮುಖ ತೊಳೆಯಲು ಎದ್ದಾಗ ಒಂದು ದೃಶ್ಯ ನೋಡಿದೆ. ಅಂಗಳದಲ್ಲಿ ಅವ್ವ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಆಚೆ ಈಚೆ ನೋಡಿ, ಪರಾತವನ್ನು ದಾಟಿದಳು. ನಿಂತಳು. ಯೋಚಿಸಿದಳು. ತಿರುಗಿ ವಾಪಸ್ ದಾಟಿದಳು. ಮತ್ತೆ ಗಲ್ಲಕ್ಕೆ ಬೆರಳಿಟ್ಟು ನಿಂತಳು.

"ಏನ್ ಮಾಡಾಕತ್ತೀ ಅವ್ವಾ?"

"ಸುಮ್ನಿರಲೇ. ಯಾರೋ ದಾಟಿದ್ದು ವಾಪಸ್ ದಾಟಾಕತ್ತೇನಿ. ಆದ್ರ ಅವರು ಯಾವ ಕಡಿಂದ ದಾಟಿದ್ರೋ ಗೊತ್ತಿಲ್ಲ. ಉಲ್ಟಾ ಆದ್ರ ಇನ್ನಷ್ಟು ಗಿಡ್ಡ ಆಗ್ತದೇನೋ!"

ದಿನಾ ಇದು ನಡೆಯಿತು. ಮಹಾನಂದಾಳಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೂ ಸುಮ್ಮನಿದ್ದಳು ಎಂದು ನನ್ನ ಸಂಶಯ, ಯಾಕೆಂದರೆ ಪರಾತವನ್ನು ಅವ್ವನ ಕಾಲಿಗೆ ಅಡ್ಡಿಯಾಗದಂತೆ ಗೋಡೆಯಿಂದ ಸ್ವಲ್ಪ ಈಚೆಗೆ ಸರಿಸಿಡುತ್ತಿದ್ದಳು.

ಬೇಸಿಗೆ ಬಂತು. ಆಳಂದದ ಬೇಸಿಗೆ ಗೊತ್ತಲ್ಲ, ಅಂಗಳದ ಫರ್ಶಿ ಕಾದು ಹಂಚಾಗುತ್ತದೆ. ಒಂದು ದಿನ ನೋಡಿದರೆ ಹುಣಸೆ ಗಿಡ ಬೋಳು. ಎಲೆಯೆಲ್ಲ ಪರಾತದ ಸುತ್ತ ಉದುರಿ ಬಿದ್ದಿತ್ತು. ಮಹಾನಂದಾ ಅದರ ಮುಂದೆ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಎಲೆಗಳನ್ನು ಗುಡಿಸಿ, ಒಂದು ಕಡೆ ಗುಡ್ಡೆ ಮಾಡಿ, ಸುಮ್ಮನೆ ಅದನ್ನೇ ನೋಡುತ್ತ ಕೂತಳು. ಆ ದಿನ ರೊಟ್ಟಿ ತಿನ್ನಲಿಲ್ಲ. ಮರುದಿನವೂ ಅರ್ಧ ತಿಂದು ಎದ್ದಳು.

ಮನೆಯಲ್ಲಿ ಒಬ್ಬರನ್ನೊಬ್ಬರು ಅನುಮಾನಿಸುವುದು ಶುರುವಾಯಿತು. ನಾನು ಅವ್ವನನ್ನು ಹೊರಗೆ ಕರೆದು, "ಬಿಸಿ ನೀರರೇ ಸುರುವಿ ಏನು?" ಎಂದು ಕೇಳಿದೆ. ಅವ್ವ ಎರಡೂ ಕೆನ್ನೆ ಬಡಿದುಕೊಂಡು, "ನಾ ದಾಟೀನಿ ಅಷ್ಟ! ನೀನೇ ತಂತಿ ಬಿಗಿ ಮಾಡೀದಿ, ಅದರ ಉಸರು ಕಟ್ಟಿಸೀದಿ" ಅಂದಳು. ಅದು ಕೇಳಿ ನನಗೆ ನನ್ನ ಕೈಯ ಮೇಲೇ ಸಂಶಯ ಬಂತು. ತಂತಿ ಮುಟ್ಟಿ ನೋಡಿದೆ. ಬಿಗಿ ಇರಲಿಲ್ಲ. ಕೊನೆಗೆ ಪರಾತ ಮುಟ್ಟಿದೆ, ಬೆರಳು ಚುರ್ ಅಂದಿತು. ಹಿತ್ತಾಳೆ, ಕೆಳಗೆ ಕಾದ ಕಲ್ಲು. ಗಿಡ ಅಲ್ಲಿ ನಿಂತು ಬೇಯುತ್ತಿತ್ತು. ಕೆಳಗೆ ಎರಡು ಇಟ್ಟಿಗೆ ಇಟ್ಟು ಒದ್ದೆ ಗೋಣಿಚೀಲ ಹಾಸಿದೆ. ಮಧ್ಯಾಹ್ನ ಆದಕೂಡಲೇ ಒಳಗಿಡಲು ಹೇಳಿದೆ.

ಆದರೆ ಆಕೆ ಮಾಡಿದ ಇನ್ನೊಂದು ಕೆಲಸ ನನ್ನ ನಿದ್ದೆ ಕೆಡಿಸಿತು. ನಾನು ಅಂಗಡಿಯಿಂದ ತಂದಿದ್ದ ಸುಟ್ಟ ಮೋಟರಿನ ಫ್ಯಾನ್ ಮುಚ್ಚಳ ಹಿತ್ತಲಲ್ಲಿ ಬಿದ್ದಿತ್ತು. ತಗ್ಗಾದ ಬೋಗುಣಿಯಂಥದ್ದು, ತಳದಲ್ಲಿ ಸಾಲು ತೂತು. ಆಕೆ ಅದಕ್ಕೆ ಮಣ್ಣು ತುಂಬಿ ಹೊಸ ಹುಣಸೆ ಬೀಜ ಊರಿದ್ದಳು.

"ಇದ್ಯಾಕ?" ಅಂದೆ.

"ಅದು ಹೋದ್ರ ಇದು ಇರ್ತದಲ್ರಿ" ಅಂದಳು.

ನೋಡಿ, ಇಷ್ಟೇ ಈಕೆಯ ಪ್ರೀತಿ ಅಂದುಕೊಂಡೆ. ಬೀಜದಿಂದ ಸಾಕಿದ್ದಕ್ಕೇ ಈ ಗತಿಯಾದರೆ, ನಡುವೆ ಬಂದವನ ಗತಿ ಏನು? ಗಿಡ ಸತ್ತರೆ ಪರಾತ ತೊಳೆದು ಟ್ರಂಕಿನಲ್ಲಿಟ್ಟು ಅಫಜಲಪುರದ ಬಸ್ಸು ಹತ್ತುತ್ತಾಳೆ ಎಂದೇ ನನಗೆ ಅನ್ನಿಸಿತು. ಇಲ್ಲಿ ಆಕೆಗೆ ಇರುವುದಾದರೂ ಏನು? ತಂತಿ ಮತ್ತು ನಾನು. ತಂತಿ ಸುತ್ತಲು ಗಿಡವೇ ಇಲ್ಲದ ಮೇಲೆ, ನಾನು ಯಾಕೆ ಬೇಕು?

ಅಂಗಡಿಯಲ್ಲಿ ಸುತ್ತು ತಪ್ಪಿದೆ. ಮಟಕಿಯ ಗೌಡರ ಮೋಟರು ಉಲ್ಟಾ ತಿರುಗಿತು. ದಿನಾ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲು ಬೋಳು ಟೊಂಗೆ ನೋಡುತ್ತಿದ್ದೆ. ಉಗುರಿನಿಂದ ತೊಗಟೆ ಕೆರೆದು ಹಸಿರು ಇದೆಯೇ ಎಂದು ನೋಡುತ್ತಿದ್ದೆ. ಇದ್ದ ಹಾಗೆ ಕಾಣುತ್ತಿತ್ತು. ನನ್ನ ಕಣ್ಣನ್ನೂ ನಾನು ನಂಬಲಿಲ್ಲ.

ಚಿಗುರು ಮೊದಲು ಕಂಡದ್ದು ಅವ್ವನಿಗೆ. "ಬಂತಲೇ! ನಾ ದಾಟಿದ್ದು ಹತ್ತಿತು!" ಎಂದು ಕೂಗಿದಳು. ಬಾಗಿದ ಟೊಂಗೆಯ ಮೊಣಕೈಯಲ್ಲಿ, ಸಾಸಿವೆಯಷ್ಟು, ಕೆಂಪು ಹಸಿರು. ಮಹಾನಂದಾ ಬಂದು ನೋಡಿದಳು. ಅವತ್ತು ಹೊಟ್ಟೆ ತುಂಬ ಉಂಡಳು. ಅವ್ವನಿಗೂ ಬಲವಂತ ಮಾಡಿ ಬಡಿಸಿದಳು.

ಊಟ ಆದ ಮೇಲೆ ಆಕೆ ಟೊಂಗೆಗೆ ಸುತ್ತಿದ್ದ ತಾಮ್ರದ ತಂತಿಯನ್ನು ನಿಧಾನವಾಗಿ ಬಿಚ್ಚಿ ತೆಗೆದಳು. ಟೊಂಗೆ ಬಾಗಿದಂತೆಯೇ ನಿಂತಿತು. "ಇನ್ನ ಇದಕ್ಕ ತಂತಿ ಬ್ಯಾಡ್ರಿ" ಎಂದು, ಗೂಟಕ್ಕೆ ತೂಗುಹಾಕಿದ್ದ ನನ್ನ ಅಂಗಿಯ ಕಿಸೆಯಲ್ಲಿ ಆ ತುಂಡು ಹಾಕಿದಳು. ತಂತಿಯ ಕೆಲಸವೂ ಮುಗಿಯಿತು.

ನಾನು ಬಾಗಿಲ ಬಳಿ ತಣ್ಣಗಿನ ಫರ್ಶಿಯ ಮೇಲೆ ಮಲಗಿಬಿಟ್ಟೆ. ನಿದ್ದೆ ಬರಲಿಲ್ಲ, ಕಣ್ಣು ಮುಚ್ಚಿದ್ದೆ ಅಷ್ಟೇ. ಸ್ವಲ್ಪ ಹೊತ್ತಿಗೆ ಆಕೆ ಅಂಗಳದಿಂದ ಪರಾತ ಎತ್ತಿಕೊಂಡು ಬಂದಳು. ಬಿಸಿಲು ಏರಿತ್ತು, ಒಳಗಿಡಬೇಕಿತ್ತು. ಬಾಗಿಲಿಗೆ ಅಡ್ಡವಾಗಿ ನಾನಿದ್ದೆ. ಎಬ್ಬಿಸುತ್ತಾಳೆ ಅಂದುಕೊಂಡೆ. ಎಬ್ಬಿಸಲಿಲ್ಲ. ಬಳೆ ಸದ್ದಾಯಿತು, ಸೀರೆಯ ನೆರಿಗೆ ನನ್ನ ಹೊಟ್ಟೆಗೆ ತಾಗಿತು. ಆಕೆ ನನ್ನನ್ನು ದಾಟಿ ಒಳಗೆ ಹೋದಳು.

ಅಡುಗೆಮನೆಯಿಂದ ಅವ್ವ ಚೀರಿದಳು. "ಅಯ್ಯ ನಿನ್ನ, ದಾಟಿದ್ಯಲ್ಲ! ಮಲಗಿದಾವನ್ನ ದಾಟಿದ್ಯಲ್ಲಬೇ! ಮೊದಲ ವಾಪಸ್ ದಾಟು, ಜಲ್ದಿ ದಾಟು!"

ಮಹಾನಂದಾ ಅಲ್ಲೇ ನಿಂತಳು, ನನ್ನ ತಲೆಯ ಹತ್ತಿರ, ಪರಾತ ಕೈಯಲ್ಲಿ ಹಿಡಿದುಕೊಂಡೇ. ನಾನು ರೆಪ್ಪೆ ಅಲುಗಿಸಲಿಲ್ಲ.

"ಯಾಕ್ರಿ ಅತ್ತಿ?" ಅಂದಳು. "ಗಿಡ್ಡ್ಯಾ ಇನ್ನ ಬೆಳದು ಏನ್ ಮಾಡಬೇಕಾಗ್ಯದ? ನನಗ ಇಷ್ಟ ಎತ್ತರ ಸಾಕು."

ನಮ್ಮ ಮನೆಗೆ ಬಂದ ಮೇಲೆ ಆ ಹೆಸರು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಕೈಯಲ್ಲಿ ಹುಣಸೆ ಗಿಡ ಇತ್ತು, ಕಾಲ ಬಳಿ ನಾನಿದ್ದೆ. ಅಂದದ್ದು ಯಾರಿಗೆ? ಅವ್ವನನ್ನು ಕೇಳಿದೆ, "ಗಿಡಕ್ಕ ಅಂದ್ಲು, ಮತ್ಯಾರಿಗೆ?" ಎಂದು ಬೇರೆ ಕಡೆ ಮುಖ ಮಾಡಿದಳು, ಅದಕ್ಕೇ ನನಗೆ ಸಂಶಯ. ಮಹಾನಂದಾಳನ್ನು ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.

ಒಂದು ಮಾತ್ರ ಪಕ್ಕಾ ಗೊತ್ತು. ಅವ್ವ ಎಷ್ಟು ಕೂಗಿದರೂ ಆಕೆ ವಾಪಸ್ ದಾಟಲಿಲ್ಲ. ದಾಟು ಎಂದು ನಾನೂ ಅನ್ನಲಿಲ್ಲ.